ಗಾಳಿಗೊಂದು ತೂತು

"ಗಾಡಿ ಬಂದು ನಿಂತಾಯ್ತಮ್ಮ, ಇನ್ನೆಷ್ಟು ಹೊತ್ತು?" ಎಂದು ಮಗ ಮತ್ತೆ ಕೇಳಿದಾಗಲೂ ಅವಳು ಬಾಗಿಲಿಗೆ ಅಡ್ಡ ಹಾಕಿಕೊಂಡ ಕುರ್ಚಿಯಿಂದ ಏಳಲಿಲ್ಲ.

"ನಿನ್ನ ಚಿಕ್ಕಪ್ಪ ಬರಲಿ."

"ಅಪ್ಪ ಬದುಕಿದ್ದಾಗ ಈ ಕಡೆ ತಲೆ ಹಾಕದವರು ಈಗ ಬರ್ತಾರಾ?"

"ಬರ್ತಾನೆ. ಇವತ್ತು ಕೊನೇ ಸಲ ನಿಮ್ಮಪ್ಪನ್ನ ನೋಡದೇ ಹೋದ್ರೆ ಸಾಯೋವರೆಗೂ ಕೊರಗ್ತಾನೆ ಅವನು."

ಹೇಳುವುದೇನೋ ಹೇಳಿದಳು, ಕಣ್ಣು ಮಾತ್ರ ಗೇಟಿನ ಮೇಲೇ ಇತ್ತು. ಬರದಿದ್ದರೆ ಹಿಡಿದು ತರುವುದಕ್ಕೆ ಅವನೇನು ಚಿಕ್ಕ ಮಗುವೇ?

*

ಅವಳ ಗಂಡ ದುಡಿಯುತ್ತಿದ್ದುದು ಕರಗಿದ ಸತುವಿನ ತೊಟ್ಟಿಯ ಬಳಿ. ಸತುವಿಗೆ ಚೂರು ನಿಕ್ಕಲ್, ಚಿಟಿಕೆ ಅಲ್ಯೂಮಿನಿಯಂ ಬೆರೆಸಿ ಕಾಯಿಸಿದ ಆ ಪಾಕದಲ್ಲಿ ಉಕ್ಕನ್ನು ಅದ್ದಿ ತೆಗೆದರೆ ತುಕ್ಕು ಬೇಗ ಹತ್ತಿರ ಸುಳಿಯದು. ನೆಂಟರ ಮನೆಗೆ ಹೋದರೂ ಮೊದಲು ಗೇಟು ಕೆರೆದು ನೋಡುವವನಾದ್ದರಿಂದ ಎಲ್ಲರ ಬಾಯಲ್ಲೂ ಅವನು ತುಕ್ಕಪ್ಪ. ತಮ್ಮ ವೆಲ್ಡರ್. ಅವನು ಪೈಪುಗಳಿಂದ ಬೆಸೆದ ಮೆಟ್ಟಿಲ ಕಂಬಿಗಳು ಅದೇ ತೊಟ್ಟಿಗೆ ಬರುತ್ತಿದ್ದವು.

ಬಾಯಿ ಮುಚ್ಚಿದ ಪೈಪಿಗೆ ಗಾಳಿ ಹೋಗಲು ತೂತು ಬಿಡಬೇಕು. ಇಲ್ಲದಿದ್ದರೆ ಆ ಕಾವಿಗೆ ಸಿಡಿದುಹೋಗುತ್ತದೆ. ಅವಸರದಲ್ಲಿ ತಮ್ಮ ಒಂದು ಪೈಪಿಗೆ ಮರೆತ. ತಮ್ಮನ ಕೆಲಸವಲ್ಲವೇ ಎಂದು ಅಣ್ಣನೂ ನೋಡದೆ ತೊಟ್ಟಿಗೆ ಇಳಿಸಿದ. ಪೈಪು ಸಿಡಿದು, ಸತು ಅಣ್ಣನ ತೋಳಿಗೆ ಹಾರಿತು.

ಆಸ್ಪತ್ರೆಯಲ್ಲಿ ಬಟ್ಟೆ ಸುತ್ತಿದ್ದ ಆ ತೋಳನ್ನು ಬಾಗಿಲಿನಿಂದಲೇ ಕಂಡ ತಮ್ಮ ಹಾಗೇ ತಿರುಗಿ ಹೋದ. ಆಮೇಲೆ ವರ್ಷಗಟ್ಟಲೆ ಎಷ್ಟು ಕರೆದರೂ "ಬರ್ತೀನಿ ಅತ್ತಿಗೆ" ಎಂದನೇ ಹೊರತು ಬರಲಿಲ್ಲ.

*

"ಅಣ್ಣ ತಮ್ಮ ಮಾತು ಬಿಟ್ಟಿದ್ರು ಅಂತ ಯಾರಕ್ಕ ಹೇಳಿದ್ದು?" ತೊಟ್ಟಿಯ ಮೇಸ್ತ್ರಿ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. "ಆಮೇಲಿಂದ ಅವನು ಕಳಿಸೋ ಪೈಪು ನೋಡ್ಬೇಕಿತ್ತು ನೀವು. ಎರಡು ತೂತು ಸಾಕಾದ ಕಡೆ ಆರು. ತುಕ್ಕಪ್ಪ ಅದನ್ನ ಎತ್ತಿ ಹಿಡ್ದು, ನೋಡ್ರೋ, ನನ್ನ ತಮ್ಮ ಕೊಳಲು ಕಳಿಸಿದಾನೆ ಅಂತ ನಗೋನು. ಇಷ್ಟು ಬೇಡ ಅಂತ ಹೇಳಿ ಕಳಿಸ್ಲಾ ಅಂತ ನಾನಂದ್ರೆ, ಬೇಡ, ಅವನು ಹಿಂಗೇ ಮಾತಾಡ್ಲಿ ಬಿಡು ಅನ್ನೋನು."

ಬೆಳಗಿನಿಂದ ಬಿಗಿದಿದ್ದ ಅವಳ ಮುಖದಲ್ಲಿ ನಗು ಬಂತು, ನಗುವಿನ ಬೆನ್ನಿಗೇ ಅಳು.

ಕಣ್ಣೊರೆಸಿಕೊಂಡು ನೋಡಿದರೆ ಗೇಟಿನಾಚೆ ಮೈದುನ. ತಲೆ ಪೂರ್ತಿ ನರೆತಿತ್ತು. ಅವಳು ಎದ್ದು ಹೋಗಿ ಅವನ ರಟ್ಟೆ ಹಿಡಿದಳು, ಮತ್ತೆ ತಪ್ಪಿಸಿಕೊಂಡಾನು ಎಂಬಂತೆ.

"ಯಾವ ಮುಖ ಇಟ್ಕೊಂಡು ಬರ್ಲಿ ಅತ್ತಿಗೆ?"

"ಇರೋ ಮುಖಾನೇ ಇಟ್ಕೊಂಡು ಬಾರಪ್ಪ."

ಒಳಗೆ ಬಂದವನು ನಡುಮನೆಯಲ್ಲಿ ಮಲಗಿಸಿದ್ದ ಅಣ್ಣನ ಪಾದಗಳನ್ನೇ ನೋಡುತ್ತ ನಿಂತ, ಕಣ್ಣು ಮೇಲೆತ್ತಲಿಲ್ಲ. ಅವಳು ಗಂಡನ ಅಂಗಿಯ ತೋಳಿನ ಗುಂಡಿ ಬಿಚ್ಚಿ ಮೊಣಕೈವರೆಗೆ ಮಡಚಿದಳು. ಅಲ್ಲಿ ಚರ್ಮ ಚೂರು ಬೆಳ್ಳಗೆ, ನುಣ್ಣಗಿತ್ತು, ಅಷ್ಟೇ.

ಅವನು ಬಗ್ಗಿ ನೋಡಿದ. "ಇಷ್ಟೇನಾ?"

"ಇಷ್ಟೇ ಕಣಪ್ಪ. ಇದೇ ಕೈಯಲ್ಲಿ ಮೊಮ್ಮಗಳನ್ನ ಎತ್ತಿ ಆಡಿಸಿದಾರೆ."

ಮೈದುನ ಅಲ್ಲೇ ನೆಲಕ್ಕೆ ಕುಸಿದು ಕೂತು, ಆ ನುಣುಪಿನ ಮೇಲೆ ಅಂಗೈ ಇಟ್ಟ.

ಹೊರಗೆ ಗಾಡಿಯವನು ಹಾರ್ನ್ ಹಾಕಿದ. ಮಗ ಬಾಗಿಲಿಗೆ ಹೋಗಿ ತಡಿ ಎಂದು ಕೈ ಮಾಡಿದ. ಮೇಲೆಲ್ಲೂ ಕಲೆಯಿಲ್ಲವೆಂದು ಮೈದುನ ಕಣ್ಣಾರೆ ನೋಡಲಿ ಎಂದು ಅವಳು ಅಂಗಿಯ ತೋಳನ್ನು ಭುಜದವರೆಗೂ ಮಡಚಿದಳು.