ಇಲ್ಲದ ಗೋಲಿ

ಕತ್ತರಿಸಿದ ಹುಲ್ಲಿನ ಹಸಿ ವಾಸನೆ, ಕಾಲ ಬುಡದಲ್ಲಿ ಬಿಸಿಲಿಗೆ ಕಣ್ಣು ಕುಕ್ಕುವ ಅವನ ಬಿಳಿ ಚೆಂಡು, ಅದರ ನೆರಳಿನೊಳಗೆ ಒಂದು ಇರುವೆ ಹೊಕ್ಕಿದ್ದು ಈಚೆ ಬರಲೇ ಇಲ್ಲ, ಎಲ್ಲಿ ಹೋಯಿತು ಅದು ಎಂದು ಅವನು ನೋಡುತ್ತಿರುವಾಗಲೇ ಚಿಕ್ಕಪ್ಪನ ಗಂಟಲು — ನೋಡ್ರಪ್ಪಾ ಇಲ್ಲಿ, ಇವನಿಗೆ ಅವರಪ್ಪನ ಕೈ ಬಂದಿದೆ, ಆ ಕೋಲು ಕಿತ್ಕೊಂಡು ಒಂದು ಗಿಲಕಿ ಕೊಡಿ, ಆಡಿಸ್ಕೊಂಡಿರ್ಲಿ — ಆಮೇಲೆ ನಗು, ಮೊದಲು ಗಾಲ್ಫ್ ಕ್ಲಬ್ಬಿನ ವರಾಂಡದ ಬೆತ್ತದ ಕುರ್ಚಿಗಳಿಂದ, ಅಲ್ಲಿಂದ ಮೆಟ್ಟಿಲಿಳಿದು ಚೆಂಡು ತೊಳೆಯುವ ಶೆಡ್ಡಿನ ಬಾಗಿಲಲ್ಲಿ ನಿಂತವರ ತನಕ, ದಿನಾ ಅವನ ಡಬ್ಬಿಗೇ ಕೈ ಹಾಕಿ ಉಣ್ಣುವವರೂ ನಕ್ಕರು, ನಗದಿದ್ದರೆ ಚಿಕ್ಕಪ್ಪ ಗುರುತಿಟ್ಟುಕೊಳ್ಳುತ್ತಾನಲ್ಲ, ನಗಲಿ, ಹಲ್ಲು ಇರುವುದೇ ಅದಕ್ಕೆ. ಅವನು ಕತ್ತೆತ್ತಲಿಲ್ಲ. ಚೆಂಡು ಉರುಳಿಸುವ ಕೋಲು, ಪಟರ್, ಕಂಕುಳಲ್ಲಿ, ಕೈಗಳೆರಡೂ ಸುಮ್ಮನೆ ಇಳಿಬಿದ್ದಿವೆ, ಸರದಿ ಇನ್ನೂ ರೇಷ್ಮೆಯದು, ರೇಷ್ಮೆ ಎಂದರೆ ಚಿಕ್ಕಪ್ಪನ ಅಳಿಯ, ಕೋಲು ಹಿಡಿದರೆ ರೇಷ್ಮೆ ಜಾರಿದ ಹಾಗೆ ಎಂದು ಯಾರೋ ಹೊಗಳಿದ ಮೇಲೆ ಅಂಟಿಕೊಂಡ ಹೆಸರು, ಈಗ ಕುಕ್ಕರಗಾಲಲ್ಲಿ ಕೂತು ಹುಲ್ಲಿನ ಇಳಿಜಾರು ನೋಡುತ್ತಿದ್ದಾನೆ, ಎದ್ದು ಆ ಕಡೆ ಹೋಗಿ ಅಲ್ಲಿಂದಲೂ ನೋಡುತ್ತಿದ್ದಾನೆ, ನೋಡು ಮಾರಾಯ, ಮದುವೆಗೆ ಹೆಣ್ಣು ನೋಡಿದ ಹಾಗೆ ನೋಡು. ಕುಳಿಯ ಸುತ್ತ ಸುಣ್ಣದಲ್ಲಿ ಎಳೆದ ಗೆರೆ, ಇಬ್ಬರೂ ಒಂದೊಂದು ಗುರುತಿನಿಂದ ಚೆಂಡು ಉರುಳಿಸಬೇಕು, ಒಬ್ಬ ತಪ್ಪಿದಲ್ಲಿ ಇನ್ನೊಬ್ಬ ಹಾಕಿಬಿಟ್ಟರೆ ಮುಗಿಯಿತು, ಅವನೇ ಸಹಾಯಕ ಕೋಚು, ಸೋತವನು ವಾಪಸ್ ಶೆಡ್ಡಿಗೆ, ಬಕೀಟಿನ ಸೋಪುನೀರಿಗೆ. ಕೆಲಸ ಹಾಳಾಗಿ ಹೋಗಲಿ. ಅವನಿಗೆ ಬೇಕಾಗಿರುವುದು ಕೆಲಸವಲ್ಲ, ಅಂದರೆ ಕೆಲಸವೂ ಬೇಕು, ಆದರೆ ಅದಕ್ಕಿಂತ ಮೊದಲು ಇದೊಂದು ಗೊತ್ತಾಗಬೇಕು — ಈ ಕೈ ಹೆದರಿಕೆಗೆ ನಡುಗುತ್ತದೋ, ಇಲ್ಲ ಅಪ್ಪನ ನಡುಕದ ಕಾಯಿಲೆಯೇ ಹತ್ತಿಕೊಂಡಿದೆಯೋ. ಹೋದ ಪಂದ್ಯದಲ್ಲಿ ಇಡೀ ಕ್ಲಬ್ಬಿನ ಮುಂದೆ, ಮಗು ಕಾಲಲ್ಲಿ ಒದ್ದರೂ ಬೀಳುವಷ್ಟು ಹತ್ತಿರದ ಚೆಂಡು, ಹೊಡೆಯುವ ಗಳಿಗೆಗೆ ಬಲಗೈ ಮಣಿಕಟ್ಟು ಹಲ್ಲಿ ಬಾಲದ ಹಾಗೆ ಪಟಕ್ಕನೆ ಹಾರಿತು, ಚೆಂಡು ಕುಳಿಯ ಮಗ್ಗುಲಿಗೂ ಹೋಗಲಿಲ್ಲ, ಆ ಹೊತ್ತು ಚಿಕ್ಕಪ್ಪ ಏನೂ ಅಂದಿರಲಿಲ್ಲ, ಅದನ್ನೇ ಇವತ್ತಿನವರೆಗೂ ಬಾಯಲ್ಲಿಟ್ಟುಕೊಂಡು ಚಪ್ಪರಿಸುತ್ತಿದ್ದ, ಈಗ ಉಗಿದ. ಅವರಪ್ಪನ ಕೈಯಂತೆ. ಅವರಪ್ಪ ಅನ್ನುತ್ತಾನೆ, ತನಗೆ ಅಣ್ಣನೇ ಅಲ್ಲವೇನೋ ಎನ್ನುವ ಹಾಗೆ, ಅದೇ ಅಣ್ಣನ ಬೆನ್ನ ಮೇಲೆ ಕೂತು ಈ ಮೈದಾನ ಮೊದಲು ನೋಡಿದವನು, ಅದೇ ಅಣ್ಣ ಕೊಟ್ಟ ಟೋಪಿ ಹಾಕಿಕೊಂಡೇ ನಿಂತಿದ್ದಾನೆ, ಟೋಪಿಯ ಒಳಗೆ ಬೆವರಿಗೆ ಅಳಿಸಿದ ಅಪ್ಪನ ಹೆಸರು ಇನ್ನೂ ಇರಬೇಕು.

ಅಪ್ಪ ಇಲ್ಲಿ ಕೋಚಾಗಿದ್ದ, ಈ ಕುಳಿಯ ಪಕ್ಕದಲ್ಲೇ ನಿಲ್ಲುತ್ತಿದ್ದ, ಎಡಗೈ ಎತ್ತಿ ಇಳಿಜಾರು ತೋರಿಸುವುದು, ಬಲಗೈ ಯಾವಾಗಲೂ ಪ್ಯಾಂಟಿನ ಜೇಬಲ್ಲಿ, ಏನು ಗತ್ತು ನೋಡ್ರೀ ಇವರದು ಎನ್ನುತ್ತಿದ್ದರು ಕಲಿಯಲು ಬಂದವರು, ಗತ್ತಲ್ಲ ಅದು, ಜೇಬಿನೊಳಗೆ ಬೀಗದ ಕೈಗಳ ಗೊಂಚಲು ಗಿಲಗಿಲ ಅನ್ನುತ್ತಿತ್ತು, ಗಾಳಿಯಿಲ್ಲದ ದಿನ ದೂರಕ್ಕೂ ಕೇಳುತ್ತಿತ್ತು, ಒಂದು ದಿನ ಯಾರೋ ಹೆಂಗಸು ಚೆಂಡು ಹೊಡೆಯುವುದನ್ನು ಅರ್ಧಕ್ಕೆ ನಿಲ್ಲಿಸಿ, ದಯವಿಟ್ಟು ಅದನ್ನು ಸ್ವಲ್ಪ ನಿಲ್ಲಿಸ್ತೀರಾ ಎಂದಳು, ಅಪ್ಪ ನಿಲ್ಲಿಸುತ್ತೇನೆ ಎಂದ, ನಿಲ್ಲಲಿಲ್ಲ, ಕೈ ಈಚೆ ತೆಗೆದ, ಆಗ ಎಲ್ಲರೂ ನೋಡಿದರು — ಹೆಬ್ಬೆರಳು ತೋರುಬೆರಳಿನ ಮೇಲೆ ಉಜ್ಜುತ್ತಿದೆ, ಉಜ್ಜುತ್ತಲೇ ಇದೆ, ನಡುವೆ ಒಂದು ಗೋಲಿ ಇಟ್ಟುಕೊಂಡು ಉರುಳಿಸುತ್ತಿರುವ ಹಾಗೆ, ಇಲ್ಲದ ಗೋಲಿ. ಸಂಜೆಯ ಹೊತ್ತಿಗೆ ಚಿಕ್ಕಪ್ಪ ಆಫೀಸಿನ ಬಾಗಿಲಲ್ಲಿ, ಅಣ್ಣನ ಕೈಲಿ ಇನ್ನು ಆಗಲ್ಲ ಸಾರ್, ನಾನಿದೀನಲ್ಲ ಎಂದು ಹೇಳುತ್ತಿದ್ದ. ಅಪ್ಪ ಮನೆಗೆ ಬಂದು ಕುರ್ಚಿ ಹಿಡಿದ ವಾರವೇ ಇವನು ಶಾಲೆಯ ಚೀಲವನ್ನು ಅಟ್ಟಕ್ಕೆ ಎಸೆದು ಚೆಂಡು ಹೆಕ್ಕುವ ಕೆಲಸಕ್ಕೆ ಬಂದ, ಮೇಷ್ಟ್ರು ಒಂದು ಸಲ ದಾರಿಯಲ್ಲಿ ಸಿಕ್ಕಿ, ತಲೆ ಇತ್ತಲ್ಲೋ ನಿನಗೆ ಎಂದರು, ಇದೆ ಸಾರ್, ಬಿಸಿಲಿಗೆ ಕಾಯ್ತಾ ಇದೆ. ಮನೆಯಲ್ಲಿ ಊಟದ ಹೊತ್ತಿಗೆ ಅಮ್ಮ ತಟ್ಟೆ ನೋಡುತ್ತಾಳೆ, ಅಕ್ಕ ತಟ್ಟೆ ನೋಡುತ್ತಾಳೆ, ಅವನೂ ತಟ್ಟೆ ನೋಡುತ್ತಾನೆ, ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ, ಅಪ್ಪನ ಕೈ ಮೇಜಿನ ಮೇಲೆ ಬಂದು ಕೂತಿತೆಂದರೆ ಮೂರೂ ಕತ್ತು ತಾವಾಗಿ ಬಗ್ಗುತ್ತವೆ, ಅಪ್ಪನೊಬ್ಬನೇ ಅದನ್ನು ನೋಡಿ ನಗುವವನು — ಇಂಥ ಆಳು ಎಲ್ಲಿ ಸಿಗ್ತಾನೆ ಹೇಳ್ರೋ, ಕೆಲಸ ಕೊಟ್ರೆ ಸುಮ್ನಿರ್ತಾನೆ, ಸುಮ್ನೆ ಬಿಟ್ರೆ ದುಡೀತಾನೆ. ನಿಜವಾಗಿಯೂ ಹಾಗೇ ಇತ್ತು ಆಗ, ಲೋಟ ಕೊಟ್ಟರೆ ಕೈ ನಿಲ್ಲುತ್ತಿತ್ತು, ಗುಂಡಿ ಹಾಕುವಾಗ ನಿಲ್ಲುತ್ತಿತ್ತು, ಲೋಟ ಕೆಳಗಿಟ್ಟ ಕೂಡಲೇ ಮತ್ತೆ ಗೋಲಿ. ಈಗ ಯಾವುದಕ್ಕೂ ನಿಲ್ಲುವುದಿಲ್ಲ, ಅಂಗಿಯ ಗುಂಡಿ ಅಮ್ಮ ಹಾಕುತ್ತಾಳೆ, ಹಾಕುವಾಗ ಗೋಡೆ ನೋಡುತ್ತಾಳೆ.

ಎದುರಿಗೆ ರೇಷ್ಮೆ ಇನ್ನೂ ಕೋಲನ್ನು ಗಾಳಿಯಲ್ಲಿ ತೂಗಿ ತೂಗಿ ನೋಡುತ್ತಿದ್ದಾನೆ, ಬೇಗ ಹೊಡೆಯೋ, ಬೆವರು ಕಣ್ಣಿಗೆ ಇಳಿಯುತ್ತಿದೆ. ಇವನಿಗೆ ಮನೆಯಲ್ಲಿ, ಅಡುಗೆಮನೆಯಿಂದ ಬಚ್ಚಲಿಗೆ ಹೋಗುವ ಉದ್ದನೆಯ ಓಣಿಯೇ ಮೈದಾನ, ನೆಲಕ್ಕೆ ಹಳೇ ಕಂಬಳಿ, ತುದಿಯಲ್ಲಿ ಅಡ್ಡ ಮಲಗಿಸಿದ ಲೋಟ, ಅದರ ಹಿಂದೆ ಕುರ್ಚಿ, ಕುರ್ಚಿಯಲ್ಲಿ ಅಪ್ಪ, ಚೆಂಡು ಹಾಕಿದಾಗಲೆಲ್ಲ ಅಕ್ಕ ಬಟ್ಟೆ ರಾಶಿ ಹೊತ್ತುಕೊಂಡು ದಾಟುತ್ತಾಳೆ, ಅಯ್ಯೋ ಮಹಾರಾಜರ ಆಟ ನಡೀತಿದೆ, ನಮ್ಮಂಥವರು ಸ್ನಾನಕ್ಕೆ ಹೋಗೋ ಹಾಗಿಲ್ಲ. ಅಪ್ಪನ ಮಾತು ಈಗ ಬಾಯೊಳಗೇ ಅರ್ಧ ಕರಗುತ್ತದೆ, ಆದರೂ ಆಟದ ಮಾತು ಮಾತ್ರ ಹೇಗೋ ಈಚೆ ಬರುತ್ತದೆ. ಕೋಲನ್ನ ಹಿಂಡಬೇಡ, ಹಸುಗೂಸಿನ ಕಾಲು ಹಿಡಿದ ಹಾಗೆ ಹಿಡಿ. ಮಣಿಕಟ್ಟಿಗೆ ರಜಾ ಕೊಡು, ಭುಜ ತೂಗಲಿ. ಕುಳಿಗೆ ಬೀಳೋ ಹಾಗಲ್ಲ, ಕುಳಿ ಇಲ್ದಿದ್ರೆ ಒಂದು ಗೇಣು ಮುಂದೆ ಹೋಗಿ ನಿಲ್ಲೋ ಹಾಗೆ ಹೊಡಿ. ಮತ್ತೆ ತಲೆ, ತಲೆ ಎತ್ತಬೇಡ ಕಣೋ, ಹೊಡೆದ ಮೇಲೂ ಎತ್ತಬೇಡ, ಚೆಂಡು ಇದ್ದ ಜಾಗಾನೇ ನೋಡ್ತಿರು, ಬಿತ್ತೋ ಇಲ್ವೋ ಕಣ್ಣಿಗ್ಯಾಕೆ, ಕಿವಿ ಹೇಳುತ್ತೆ, ಕಿವಿಯಲ್ಲಿ ನೋಡು. ಆ ಪಂದ್ಯವಾದ ಮೇಲೆ ಅವನು ಏನೇನು ಮಾಡಿ ನೋಡಲಿಲ್ಲ, ಎಡಗೈ ಕೆಳಗೆ ಹಿಡಿದ, ಬಲಗೈಯನ್ನು ಪೆನ್ಸಿಲು ಹಿಡಿದ ಹಾಗೆ ಬರೀ ಆನಿಸಿದ, ಕಣ್ಣು ಮುಚ್ಚಿ ಹೊಡೆದ, ಹಾಡು ಗುನುಗುತ್ತ ಹೊಡೆದ, ದೂರದ ಚೆಂಡಾದರೆ ಕೈ ಕೇಳಿದ ಹಾಗೆ ಕೇಳುತ್ತದೆ, ಹತ್ತಿರದ್ದಾದರೆ ಸಾಕು, ಪಟಕ್, ಹಲ್ಲಿ ಬಾಲ, ಓಣಿಯ ಗೋಡೆಗೆ ಪಟರಿನಿಂದಲೇ ಬಾರಿಸಿ ಗಾರೆ ಕೀಳಿಸಿದ, ಅಮ್ಮ ಪೊರಕೆ ತಂದು ಗುಡಿಸಿದಳು, ಅಪ್ಪ ಮಾತ್ರ, ಗೋಡೆ ಏನೋ ಮಾಡಿತ್ತು ನಿಂಗೆ, ಇನ್ನೊಂದು ಚೆಂಡು ಹಾಕು. ಹಾಕಿದ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಹಾಕಿದ, ತಲೆ ಬಗ್ಗಿಸಿ, ಅಪ್ಪನ ಮೊಣಕಾಲಿನ ಮೇಲೆ ಉರುಳುವ ಆ ಗೋಲಿಯನ್ನು ನೋಡದೆ, ಚೆಂಡಿನ ಮೈಮೇಲಿನ ಒಂದೇ ಒಂದು ಪುಟ್ಟ ತಗ್ಗನ್ನು ದಿಟ್ಟಿಸುತ್ತ, ಕೊನೆಗೆ ಉಸಿರು ಬಿಟ್ಟ ಮೇಲೆ ಬರುವ ಆ ಖಾಲಿ ಜಾಗದಲ್ಲಿ ಹೊಡೆದರೆ ಮಣಿಕಟ್ಟು ಸುಮ್ಮನಿರುತ್ತದೆ ಎಂದು ತಿಳಿಯಿತು, ಒಂದು ದಿನ ಸುಮ್ಮನಿತ್ತು, ಮಾರನೆ ದಿನ ಇಲ್ಲ, ಅದರ ಮಾರನೆ ದಿನ ಮತ್ತೆ ಇತ್ತು, ಟಣ್ ಎಂದಿತು ಲೋಟ, ಟಣ್, ಟಣ್, ಅಪ್ಪ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಹೆದರಿಕೆಯಾದರೆ ಅಭ್ಯಾಸಕ್ಕೆ ಬಗ್ಗುತ್ತದೆ, ಕಾಯಿಲೆ ಯಾವ ಅಭ್ಯಾಸಕ್ಕೂ ಬಗ್ಗುವುದಿಲ್ಲ, ಇಷ್ಟೇ ಲೆಕ್ಕ ಅವನದು, ಓಣಿಯಲ್ಲಿ ಬಗ್ಗಿದ್ದು ಇವತ್ತು ಇವರೆಲ್ಲರ ಹಲ್ಲಿನ ಎದುರೂ ಬಗ್ಗಿಬಿಟ್ಟರೆ ಇದು ಬರೀ ಹೆದರಿಕೆ, ಥೂ, ಬರೀ ಹೆದರಿಕೆ, ಅದಕ್ಕಿಂತ ಒಳ್ಳೆಯ ಸುದ್ದಿ ಲೋಕದಲ್ಲಿ ಇನ್ನೇನಿದೆ.

ಅಯ್ಯೋ ಎಂದರು ಎಲ್ಲರೂ ಒಟ್ಟಿಗೆ. ರೇಷ್ಮೆಯ ಚೆಂಡು ಕುಳಿಯ ಅಂಚನ್ನು ನೆಕ್ಕಿ, ಒಂದು ಸುತ್ತು ಹಾಕಿ, ಈಚೆಗೇ ಉಳಿಯಿತು. ಚಿಕ್ಕಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡ — ಆಯ್ತು, ಇದು ತಪ್ಪಿದ್ರೆ ಮತ್ತೆ ಮೊದಲಿಂದ, ಬಾರಪ್ಪಾ ಗಿಲಕಿ, ನಿನ್ ಸರದಿ. ಮತ್ತೆ ನಗು. ಈ ಪಟರನ್ನು ಹಾಗೇ ತಿರುವಿ ಆ ಟೋಪಿಯ ಮೇಲೆ ಇಳಿಸಿದರೆ ಎಂಥ ಸದ್ದು ಬರಬಹುದು, ಟಣ್ ಅನ್ನಲಿಕ್ಕಿಲ್ಲ, ಬೇಡ, ಉಸಿರು, ಉಸಿರು ಮೊದಲು. ಚೆಂಡಿನ ಪಕ್ಕ ನಿಂತ. ಎಡಕ್ಕೆ ಸ್ವಲ್ಪ ವಾಟ, ಹುಲ್ಲು ಇತ್ತಕಡೆ ಮಲಗಿದೆ, ಬಿಸಿಲಿಗೆ ಒಣಗಿದೆ, ಚೆಂಡು ಓಡುತ್ತದೆ, ಕುಳಿಯ ಬಲ ಅಂಚಿಗೆ ಗುರಿ. ಹಸುಗೂಸಿನ ಕಾಲು. ಮಣಿಕಟ್ಟಿಗೆ ರಜಾ. ವರಾಂಡದಲ್ಲಿ ಯಾರೋ ಟೀ ಕಪ್ಪನ್ನು ಬಸಿಯ ಮೇಲೆ ಇಟ್ಟರು. ಚೆಂಡಿನ ಮೈಮೇಲೆ ಒಂದು ತಗ್ಗು, ಅದರೊಳಗೆ ಒಂದು ಚೂರು ಮಣ್ಣು, ಅಷ್ಟೇ, ಬೇರೆ ಏನೂ ಇಲ್ಲ, ಲೋಕವೇ ಇಲ್ಲ, ಉಸಿರು ಹೋಯಿತು, ಹೋಯಿತು, ಖಾಲಿ — ಭುಜ ತೂಗಿತು, ಪಟರ್ ತಾಗಿತು, ಮಣಿಕಟ್ಟು ಸತ್ತ ಹಾಗೆ ಸುಮ್ಮನಿತ್ತು, ಚೆಂಡು ಇದ್ದ ಜಾಗದಲ್ಲಿ ಈಗ ಬರೀ ಹುಲ್ಲು, ತಲೆ ಎತ್ತಲಿಲ್ಲ ಅವನು, ಎತ್ತಬೇಡ ಕಣೋ, ಇರುವೆ ಅಲ್ಲೇ ಇದೆ, ಈಚೆ ಬಂದಿದೆ, ಎಷ್ಟು ಹೊತ್ತು, ಇಷ್ಟು ಹೊತ್ತು ಬೇಕೇ ಒಂದು ಚೆಂಡಿಗೆ ಇಷ್ಟು ದೂರ ಹೋಗಲು, ಕಿವಿಯಲ್ಲಿ ನೋಡು, ನೋಡುತ್ತಿದ್ದೇನೆ ಅಪ್ಪಾ, ನೋಡುತ್ತಿದ್ದೇನೆ —

ಟೊಕ್. ಆಳದಲ್ಲಿ. ಅದರ ಮೇಲೆ ಚಪ್ಪಾಳೆ, ಶೆಡ್ಡಿನ ಬಾಗಿಲಿಂದ ಶಿಳ್ಳೆ, ಹಾಕ್ಬಿಟ್ಟ ಕಣ್ರೋ, ನಮ್ಮವ ಹಾಕ್ಬಿಟ್ಟ, ಈಗ ನಮ್ಮವನಂತೆ, ಅವನ ಎದೆಯೊಳಗೆ ಯಾರೋ ಕಿಟಕಿ ತೆರೆದ ಹಾಗಾಯಿತು, ಹೆದರಿಕೆ, ಬರೀ ಹೆದರಿಕೆ, ಮನೆಗೆ ಓಡಬೇಕು, ಕುರ್ಚಿಯ ಮುಂದೆ ನಿಂತು ಹೇಳಬೇಕು, ಬಾಯಿ ಬಿಟ್ಟು ನಗಬೇಕು ಎನ್ನುತ್ತ ಪಟರನ್ನು ಮತ್ತೆ ಕಂಕುಳಿಗೆ ಸೇರಿಸಿ, ಕೈಗಳನ್ನು ಇಳಿಬಿಟ್ಟು, ಬಗ್ಗಿದ ತಲೆಯನ್ನು ಇನ್ನೇನು ಎತ್ತಬೇಕು, ಎತ್ತುವ ಮುಂಚೆ ಒಂದು ಗಳಿಗೆ ಹಾಗೇ ನಿಂತ — ಹುಲ್ಲಿನ ಮೇಲೆ ಅವನ ನೆರಳು, ನೆರಳಿಗೊಂದು ಕೈ, ಆ ಕೈಯ ತುದಿಯಲ್ಲಿ ಏನೋ ಮಿಸುಕುತ್ತಿದೆ. ಇರುವೆ ಎಂದುಕೊಂಡ. ಇರುವೆಯಲ್ಲ. ನೆರಳು ಬಿಟ್ಟು ಕೈಯನ್ನೇ ನೋಡಿದ. ಕೆಲಸ ಮುಗಿದ ಕೈ, ಯಾರೂ ಏನೂ ಕೇಳದ ಕೈ, ಹೆದರಲು ಇನ್ನು ಕಾರಣವೇ ಇಲ್ಲದ ಕೈ. ಸುಮ್ನೆ ಬಿಟ್ರೆ ದುಡೀತಾನೆ. ನಿಲ್ಲು ಎಂದ ಮನಸ್ಸಿನಲ್ಲೇ. ಮುಷ್ಟಿ ಕಟ್ಟಿದ, ನಿಂತಿತು. ಬಿಟ್ಟ. ಆಗ ಹೊಳೆಯಿತು, ಚಿಕ್ಕಪ್ಪ ಅವರಪ್ಪನ ಕೈ ಬಂದಿದೆ ಅಂದಾಗ ತಾನಿನ್ನೂ ಹೊಡೆದೇ ಇರಲಿಲ್ಲ, ಸರದಿ ರೇಷ್ಮೆಯದಿತ್ತು, ತಾನು ಬರೀ ನಿಂತಿದ್ದ, ಹೀಗೇ, ಪಟರ್ ಕಂಕುಳಲ್ಲಿ, ಕೈಗಳು ಇಳಿಬಿದ್ದು, ಹೋದ ಪಂದ್ಯದ ಮಾತಲ್ಲ ಅದು, ಚಿಕ್ಕಪ್ಪ ನೋಡಿದ್ದ, ನೋಡಿ ಕಂಡದ್ದನ್ನು ಕಂಡ ಹಾಗೇ ಹೇಳಿದ್ದ, ಎಲ್ಲರೂ ನಕ್ಕಿದ್ದರು. ಚಿಕ್ಕಪ್ಪ ಹತ್ತಿರ ಬಂದಿದ್ದಾನೆ, ಬೂಟುಗಳು ಕಾಣುತ್ತಿವೆ — ಏನೋ, ಗೆದ್ಬಿಟ್ಟೆ, ತಮಾಷೆಗಂದೆ ಕಣೋ, ಮನಸ್ಸಿಗೆ ಹಚ್ಕೋಬೇಡ, ಕೈ ಕೊಡು — ಅವನು ತಲೆ ಎತ್ತಿದ, ಚಿಕ್ಕಪ್ಪನ ಮುಖದಲ್ಲಿ ನಗುವಿರಲಿಲ್ಲ, ಕಣ್ಣು ಅವನ ಮುಖದ ಮೇಲಿರಲಿಲ್ಲ, ಕೆಳಗಿತ್ತು, ಅಲ್ಲಿತ್ತು, ಆಮೇಲೆ ನಿಧಾನವಾಗಿ ಚಿಕ್ಕಪ್ಪನ ಕತ್ತೂ ಬಗ್ಗಿತು, ಊಟದ ಮೇಜಿನ ಮುಂದೆ ಬಗ್ಗುವ ಹಾಗೇ, ಬಗ್ಗಿ ಹುಲ್ಲು ನೋಡಿತು. ಚಿಕ್ಕಪ್ಪ ಚಾಚಿದ ಕೈ ಚಾಚಿಕೊಂಡೇ ಇತ್ತು. ಅವನು ತಿರುಗಿ ನಡೆದ, ಸುಣ್ಣದ ಗೆರೆ ದಾಟಿ, ವರಾಂಡದ ಕುರ್ಚಿಗಳನ್ನು ದಾಟಿ, ಶೆಡ್ಡಿನ ಬಾಗಿಲಲ್ಲಿ ಅವನ ಬೆನ್ನು ತಟ್ಟಲು ಬಂದವರನ್ನು ದಾಟಿ, ಹಿಂದಿನಿಂದ ಯಾರೋ ಕೂಗುತ್ತಿದ್ದಾರೆ, ಕೂಗಲಿ, ಕೈಯನ್ನು ಜೇಬಿಗೆ ಇಳಿಸಲು ಹೋದ, ಜೇಬಿನಲ್ಲಿ ಸೈಕಲ್ಲಿನ ಬೀಗದ ಕೈ ಇದೆ, ಮನೆಯದೂ ಇದೆ, ಈಚೆಗೇ ಬಿಟ್ಟ, ಗೇಟು, ರಸ್ತೆ, ಬಿಸಿಲು, ಬೆಳಿಗ್ಗೆ ಓಣಿಯಲ್ಲಿ ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದನಲ್ಲ, ಕೇಳಲೆಂದು ಮುಚ್ಚಿದ್ದನೋ, ಇಲ್ಲ ಇದನ್ನು ನೋಡಬಾರದೆಂದು ಮುಚ್ಚಿಕೊಂಡಿದ್ದನೋ, ನಡೆದ, ನೋಡಲಿಲ್ಲ, ನೋಡದಿದ್ದರೂ ಗೊತ್ತು, ತೊಡೆಯ ಪಕ್ಕದಲ್ಲಿ, ಹೆಬ್ಬೆರಳು ತೋರುಬೆರಳಿನ ಮೇಲೆ, ಉರುಳುತ್ತಿದೆ, ಇಲ್ಲದ ಗೋಲಿ, ಉರುಳುತ್ತಿದೆ.