ಬಾರ್ನಬೆಯ ಮುಚ್ಚಿದ ಬಾಯಿ

ಅಥವಾ ತಪ್ಪು ತನ್ನದೇ ಇರಬಹುದೇ? ಟೀವಿ ಚಾನೆಲ್‌ನವರು ಕೇಳಿದ್ದು ಒಂದು ಅಳು, ಅಷ್ಟೇ. ಕೂಸು ಅತ್ತರೆ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಹಾಗಿರುವಾಗ ತನಗೇಕೆ ಈ ಹಟ? ಗಾಜಿನ ಆಚೆ ಮೈಕಿನ ಮುಂದೆ ನಿಂತಿದ್ದ ನಟಿ ಸೊಲಾಂಜಳನ್ನು ನೋಡುತ್ತ ಇವೋನ್ ಪೆರೋ ಇದನ್ನೇ ಯೋಚಿಸುತ್ತಿದ್ದ.

ಬಾರ್ನಬೆ ಅವನ ಕೈಯಲ್ಲಿ ಹುಟ್ಟಿದ ಕಾರ್ಟೂನು ಕೂಸು. ಇನ್ನೂ ಹಲ್ಲು ಮೂಡಿಲ್ಲ. ಆದರೆ ಅಪ್ಪ ತಂದ ಚೀಸನ್ನು ಮೂಸಿ ಅಂಗಡಿಯವನನ್ನು ಬೈಯುತ್ತದೆ, ಅಪಾರ್ಟ್‌ಮೆಂಟಿನ ಸಭೆಯಲ್ಲಿ ಕೆಟ್ಟ ಲಿಫ್ಟಿನ ಬಗ್ಗೆ ಭಾಷಣ ಬಿಗಿಯುತ್ತದೆ, ಕೆಲಸಕ್ಕೆ ತಡವಾಯಿತೆಂದು ಅಮ್ಮನನ್ನು ಎಬ್ಬಿಸುತ್ತದೆ. ಕೊನೆಯ ಕಂತಿನಲ್ಲಿ ಅಮ್ಮ ಅದನ್ನು ಮನೆಯಲ್ಲೇ ಮರೆತು ಹೋಗುತ್ತಾಳೆ. ಅಲ್ಲಿ ಅದು ಅಳಬೇಕು, ಅಮ್ಮ ಓಡಿ ಬರಬೇಕು.

ಫ್ರಾನ್ಸಿನ ಅಂಗುಲೇಮ್‌ ಊರಿನ ಆ ಕಾರ್ಟೂನು ಸ್ಟುಡಿಯೋದಲ್ಲಿ, ಪ್ಯಾರಿಸ್‌ನಿಂದ ನಟಿ ಬರುವತನಕ ಚಿತ್ರ ಬರೆದವನೇ ಕಚ್ಚಾ ದನಿ ಕೊಡುವುದು ರೂಢಿ. ಆ ದನಿ ಕೇಳಿಕೊಂಡೇ ಉಳಿದವರು ಪಾತ್ರದ ತುಟಿ ಆಡುವಂತೆ ಚಿತ್ರ ಬರೆಯುತ್ತಾರೆ. ಅಳುವ ಜಾಗದಲ್ಲಿ ಇವೋನ್ ಅತ್ತಿರಲಿಲ್ಲ. ಸುಮ್ಮನೆ ಉಸಿರು ಬಿಟ್ಟಿದ್ದ. ಯಾರೂ ಏನೂ ಕೇಳದೆ ಕೂಸಿನ ಬಾಯಿ ಮುಚ್ಚಿದಂತೆಯೇ ಬರೆದುಬಿಟ್ಟಿದ್ದರು.

“ಕೂಸಿನ ಬಾಯಿ ಹೊಲಿದೋನು ಯಾರಪ್ಪಾ?” ಸೊಲಾಂಜ್ ಕೂಗಿದಳು. “ನಾನೇನು ಹೊಕ್ಕುಳಿಂದ ಅಳಲಾ?”

ನಿರ್ದೇಶಕಿ ಓದೀಲ್ ರುಲಿಯೆ ಇವೋನ್‌ನತ್ತ ಕುರ್ಚಿ ತಿರುಗಿಸಿದಳು. “ಬೇಕೂಂತ ಮಾಡಿದ್ದೀಯ.”

“ಬಾರ್ನಬೆ ಅಳಲ್ಲ,” ಎಂದ ಇವೋನ್.

“ಯಾಕೆ? ಮಂತ್ರಿಯೇನು ಅವನು?”

“ನಿಮಗೆ ಮಕ್ಕಳು ಅಂದ್ರೆ ಡೈಪರ್ ಜಾಹೀರಾತು.”

ಆ ಸ್ಟುಡಿಯೋದಲ್ಲಿ ಎಲ್ಲರಿಗೆಲ್ಲರೂ ‘ನೀನು’. ಅವನ ‘ನಿಮಗೆ’ ಕೇಳಿ ಧ್ವನಿಮುದ್ರಣದ ತಾಂತ್ರಿಕನೂ ತಲೆ ಎತ್ತಿದ.

“ಓಹೋ, ಬಹುವಚನ ಬಂತು! ಮೂರು ಮಕ್ಕಳ ತಾಯಿ ನಾನು. ಒಂದು ಪಾರಿವಾಳ ಸಾಕಿ ಗೊತ್ತಿಲ್ಲ ನಿನಗೆ. ನನಗೇ ಪಾಠ ಹೇಳ್ತೀಯಾ?”

“ನಿಮ್ಮ ಮೂರನ್ನೂ ನೋಡಿದ್ದೀನಿ. ಕೆಳಗೆ ಬಾಗಿಲ ಹತ್ತಿರ ಬ್ಯಾಗು ತಬ್ಬಿಕೊಂಡು ಕೂತಿರ್ತವೆ, ಅಮ್ಮನ ಕೆಲಸ ಮುಗಿಯೋವರೆಗೂ.”

ಓದೀಲಳ ಮುಖ ಬಿಳಿಚಿತು. ಸೊಲಾಂಜ್ ಕಿವಿಯ ಹೆಡ್‌ಫೋನು ತೆಗೆದಿಟ್ಟು, “ನಾನು ಕಾಫಿ ಕುಡಿದು ಬರ್ತೀನಿ. ನೀವು ಒಬ್ಬರನ್ನೊಬ್ಬರು ಕೊಂದುಕೊಳ್ಳಿ,” ಎಂದು ಹೊರಗೆ ಹೋದಳು. ತಾಂತ್ರಿಕನೂ ಹಿಂದೆಯೇ ಎದ್ದ.

ಅವರ ಹಿಂದೆ ಬಾಗಿಲು ಮುಚ್ಚಿದ ಮೇಲೆ ಓದೀಲ್ ಮಾತಾಡಿದಳು. ದನಿ ತಗ್ಗಿತ್ತು, ಬಿಸಿ ಆರಿರಲಿಲ್ಲ.

“ಚಾನೆಲ್‌ನವರ ಹತ್ತಿರ ಜಗಳ ಆಡ್ತೀನಿ. ನಿನಗೋಸ್ಕರ ಅಲ್ಲ. ಆ ಮುಚ್ಚಿದ ಬಾಯಿ ನೋಡಿ ನನಗೂ ಏನೋ ಆಯ್ತು. ಆದ್ರೆ ಅವರಿಗೆ ಹೇಳೋಕೆ ಒಂದು ಕಾರಣ ಬೇಕು. ಕೊಡು. ಅಳು ತೆಗೆಸ್ತೀನಿ.”

ಹೇಳಿಬಿಡಬೇಕೆಂದು ಇವೋನ್ ಕುರ್ಚಿಯಲ್ಲಿ ಮುಂದೆ ಬಾಗಿದ. ಪರದೆಯ ಮೇಲೆ ಬಾರ್ನಬೆ ಬಾಗಿಲನ್ನೇ ನೋಡುತ್ತ ನಿಂತುಬಿಟ್ಟಿತ್ತು. ಅವನು ಓದೀಲಳ ಕಡೆ ತಿರುಗಿದ. ಅವಳು ಕಾಯುತ್ತಿದ್ದಳು, ಆ ಕಾಯುವಿಕೆಯೇ ಅವನಿಗೆ ಸಹಿಸಲಾಗಲಿಲ್ಲ.

“ಅರ್ಥ ಆಗೋರಿಗೆ ಕಾರಣ ಬೇಕಾಗಲ್ಲ,” ಎಂದ.

“ಸರಿ ಹಾಗಾದ್ರೆ.” ಅವಳು ಫೋನ್ ಎತ್ತಿ, ತುಟಿ ಬರೆಯುವ ಹುಡುಗಿಗೆ ಹೇಳಿದಳು: “ಮಾಯೆಲ್, ಬಾರ್ನಬೆ ಬಾಯಿ ತೆರೆ. ಗಂಟಲು ಕಾಣೋ ಹಾಗೆ. ಕಣ್ಣೀರೂ ಸುರಿಸು.” ಆಮೇಲೆ ಇವೋನ್‌ನತ್ತ ನೋಡಿ, “ಟೈಟಲ್‌ನಲ್ಲಿ ಹೆಸರು ಮಾತ್ರ ನಿಂದೇ ಇರಲಿ. ಕೂಸನ್ನ ಅಳಿಸಿದೋನು ನೀನೇ ಅಂತ ಊರಿಗೆಲ್ಲ ಗೊತ್ತಾಗಲಿ,” ಎಂದಳು.

ಸಂಜೆ ಸ್ಟುಡಿಯೋದವರೆಲ್ಲ ಕೂತು ನೋಡಿದ ಕಂತಿನಲ್ಲಿ ಬಾರ್ನಬೆ ಅತ್ತಿತು. ಸೊಲಾಂಜ್ ಚೆನ್ನಾಗಿಯೇ ಅತ್ತಳು. ಪರದೆಯ ಅಮ್ಮ ತೋಳು ಚಾಚಿಕೊಂಡು ಮೆಟ್ಟಿಲು ಹತ್ತಿ ಓಡಿ ಬಂದಳು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಇವೋನ್ ಕೋಟು ಹಾಕಿಕೊಂಡು ಹೊರಟ.

ಅವನು ಚಿಕ್ಕವನಿದ್ದಾಗ, ಲಿಮೋಜ್ ಊರಿನ ಮೂರನೇ ಮಹಡಿಯ ಮನೆಯಲ್ಲಿ ಅವನ ಅಮ್ಮ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ ದಿನಗಳಲ್ಲಿ ಅವನೂ ಮೊದಮೊದಲು ಅತ್ತಿದ್ದ, ಯಾರೂ ಬಂದಿರಲಿಲ್ಲ, ಆಮೇಲೆ ಅವನು ಅಳುವುದನ್ನು ಬಿಟ್ಟಿದ್ದ. ಇದನ್ನು ಅವನು ಓದೀಲಳಿಗೆ ಹೇಳಲಿಲ್ಲ.