ತೂತಿಲ್ಲದ ಗಿಟಾರು

ಇಲ್ಲಿ ಬರುವುದೆಲ್ಲ ನಡೆದದ್ದೇ. ಸುಳ್ಳು ಹೇಳುವ ಕೆಲಸವನ್ನು ಗಿಣಿ ಒಬ್ಬನೇ ವಹಿಸಿಕೊಂಡಿದ್ದರಿಂದ ಉಳಿದವರಿಗೆ ಅದರ ಅವಕಾಶವೇ ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಫೋನು ಬಂದಾಗ ಅಳಿಯ ತಾರಸಿಯ ಮೇಲಿನ ನೀರಿನ ಟ್ಯಾಂಕಿನ ಕೋಣೆಯಲ್ಲಿ ಮಂಡಿಯೂರಿ ಕೂತಿದ್ದ. ಮುಂದೆ ಹಳೇ ಕಂಬಳಿಯ ಮೇಲೆ ನೀಲಿ ಗಿಟಾರು. ಎಂಟನೇ ಸಲದ ಬಣ್ಣ ಒಣಗಿತ್ತು. ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಅದ್ದಿ ಅವನು ಉಜ್ಜುತ್ತಿದ್ದ. ಸ್ವಲ್ಪ ಹೆಚ್ಚು ಉಜ್ಜಿದರೆ ಮರ ಕಾಣುತ್ತದೆ, ಕಡಿಮೆ ಉಜ್ಜಿದರೆ ಕಿತ್ತಳೆಯ ಸಿಪ್ಪೆಯ ಹಾಗೆ ತರಿತರಿ. ತಲೆಯ ಹತ್ತಿರ ಟ್ಯಾಂಕಿನ ಪೈಪು. ಏಳುವಾಗ ಮರೆತರೆ ಹಣೆಗೆ ಬಡಿಯುತ್ತಿತ್ತು. ಹಾಗಾಗಿ ಆ ಕೋಣೆಯಲ್ಲಿ ಬಗ್ಗಿಯೇ ಇರುವುದು ಅವನಿಗೆ ರೂಢಿಯಾಗಿತ್ತು.

ಕೆಳಗಿನ ಮಹಡಿಯಲ್ಲಿ ಸಂಸಾರ, ಅದರ ಕೆಳಗೆ ಮಾವನ ಶೋರೂಮು. ವಾಶ್‌ಬೇಸಿನ್ನು, ನಲ್ಲಿ, ಶವರು, ಸಾಲಾಗಿ ಇಪ್ಪತ್ತೆರಡು ಕಮೋಡು. ಹನ್ನೊಂದು ವರ್ಷದಿಂದ ಅಲ್ಲಿ ಬಂದವರಿಗೆ "ಕೂತು ನೋಡಿ ಸಾರ್" ಎನ್ನುವುದು ಇವನ ಕೆಲಸ. ಮನೆಯಲ್ಲಿ ಅಳಿಯ, ಅಂಗಡಿಯಲ್ಲಿ ಅಳಿಯ, ಎದುರಿನ ಬೀಗದ ಅಂಗಡಿಯವನಿಗೂ ಅಳಿಯ. ಹೆಂಡತಿಯ ತಮ್ಮನೊಬ್ಬನೇ ಅವನನ್ನು ಭಾವ ಎನ್ನುತ್ತಿದ್ದವನು. ಆ ತಮ್ಮನೇ ಗಿಣಿ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ಮೂರನೇ ಸಲ ಅದು ಗಿಣಿಯ ಗಂಟಲಿನಿಂದ ಬರುತ್ತಿತ್ತು.

ಫೋನಿನಲ್ಲಿ ಗೊತ್ತಿಲ್ಲದ ನಂಬರು.

"ಹಲೋ... ಖ್ಖಮ್... ನಾನಪ್ಪ, ಗಿಟಾರ್ ವರ್ಕ್‌ಶಾಪಿಂದ."

ಅಳಿಯನ ಕೈಯಿಂದ ಉಪ್ಪುಕಾಗದ ಬಿತ್ತು. ನಲವತ್ತಮೂರು ದಿನದ ಹಿಂದೆ ಅವನು ಇನ್ನೊಂದು ಊರಿನ ಗಿಟಾರು ಮೇಸ್ತ್ರಿಗೆ ತನ್ನ ಕೆಲಸದ ಫೋಟೋ ಕಳಿಸಿ, ಕೈಕೆಳಗೆ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದ್ದ. "ಖ್ಖಮ್... ನೋಡಿ ಹೇಳ್ತೀನಿ" ಎಂದು ಒಂದೇ ಒಂದು ವಾಯ್ಸ್ ಮೆಸೇಜು ಬಂದಿತ್ತು. ಆ ಆರು ಸೆಕೆಂಡನ್ನು ಅವನು ಇದೇ ಕೋಣೆಯಲ್ಲಿ ಎಷ್ಟು ಸಲ ಹಾಕಿ ಕೇಳಿದ್ದನೋ ಲೆಕ್ಕವಿಲ್ಲ. ಬಟ್ಟೆ ಒಣಹಾಕಲು ಬರುವವರಿಗೆಲ್ಲ ಅದು ಕೇಳುತ್ತಿತ್ತು.

"ನಿಮ್ಮ ಗಿಟಾರು ನೋಡಿದೆ. ನಡುವೆ ಆ ತೂತು ಕೊರೆದಿದೀರಲ್ಲ, ಎಷ್ಟು ದುಂಡಗಿದೆ ಅಂತೀನಿ. ಅಂಥ ಕೈ ಬೇಕು ನನಗೆ. ಒಂದನೇ ತಾರೀಕಿಂದ ಬಂದುಬಿಡಿ."

"ಬರ್ತೀನಿ ಸಾರ್" ಎಂದ ಅಳಿಯ. ಫೋನು ಆ ಕಡೆ ಇಟ್ಟಾಗಿತ್ತು.

ಅವನು ಕಂಬಳಿಯ ಮೇಲಿದ್ದುದನ್ನು ನೋಡಿದ. ಎಲೆಕ್ಟ್ರಿಕ್ ಗಿಟಾರು. ಗಟ್ಟಿ ಹಲಗೆ. ಅದಕ್ಕೆ ದುಂಡಗಾಗಲಿ ಚೌಕವಾಗಲಿ ನಡುವೆ ತೂತೆಂಬುದೇ ಇಲ್ಲ. ದನಿಯನ್ನು ಹಿಡಿಯುವುದು ತಂತಿಗಳ ಕೆಳಗಿನ ಪಿಕಪ್ಪು. ಕೂದಲಿಗಿಂತ ತೆಳ್ಳಗಿನ ತಂತಿಯನ್ನು ಏಳು ಸಾವಿರ ಸುತ್ತು ಸುತ್ತಿ ಅವನೇ ಮಾಡಿದ್ದು. ಪಿಕಪ್ಪು ಕೂರಿಸಲು ತೋಡಿದ ಗುಂಡಿಗೇ ತೂತು ಅಂದಿರಬೇಕು, ಎಂದುಕೊಂಡ. ಆ ಗುಂಡಿ ದುಂಡಗಿರಲಿಲ್ಲ. ಫೋಟೋದಲ್ಲಿ ಕಾಣುತ್ತಲೂ ಇರಲಿಲ್ಲ. ದಿನಕ್ಕೆ ನೂರು ಫೋಟೋ ನೋಡುವವರು, ಯಾವುದಕ್ಕೋ ಯಾವುದೋ ಕಲಸಿಕೊಂಡಿರುತ್ತಾರೆ.

ಕತ್ತನ್ನು ಜೋಡಿಸುವಾಗ ಈ ಗಿಟಾರಿನಲ್ಲೊಂದು ಕೂದಲೆಳೆಯ ಬಿರುಕು ಬಿಟ್ಟಿತ್ತು. ಮರದ ಹುಡಿ ತುಂಬಿ, ಮೇಲೆ ಎರಡು ತೊಟ್ಟು ಅಂಟು ಬಿಟ್ಟು, ಉಜ್ಜಿ, ಬಣ್ಣ ಬಳಿದಿದ್ದ. ಈಗ ಎಲ್ಲಿತ್ತೆಂದು ಬೆರಳಿಗೂ ಸಿಗುತ್ತಿರಲಿಲ್ಲ. ಅವನು ಕೈ ಒರೆಸಿಕೊಂಡು, ಪೈಪಿಗೆ ತಲೆ ತಗುಲದ ಹಾಗೆ ಬಗ್ಗಿ, ಹೊರಗೆ ಬಂದ.

ಮಾವ ಶೋರೂಮಿನಲ್ಲಿ ಕನ್ನಡಿ ಒರೆಸುತ್ತಿದ್ದರು.

"ಬನ್ನಿ ಅಳಿಯಂದಿರೇ. ಹದಿನಾಲ್ಕನೇದರ ಮುಚ್ಚಳ ಸಡಿಲ ಆಗಿದೆ ನೋಡಿ."

"ಮಾವ, ಒಂದನೇ ತಾರೀಕಿಂದ ನಾನು ಬರಲ್ಲ."

"ಎಲ್ಲಿಗೆ?"

"ಇಲ್ಲಿಗೆ. ಗಿಟಾರು ಮೇಸ್ತ್ರಿ ಕರೆದಿದಾರೆ." ಅವನು ಶಟರಿನ ಕೀಲಿಯನ್ನು ಬೇಸಿನ್ನಿನ ಅಂಚಿನ ಮೇಲಿಟ್ಟ. "ಹನ್ನೊಂದು ವರ್ಷ ಜನರನ್ನ ಕೂರಿಸಿದ್ದಾಯ್ತು ಮಾವ. ನನಗೆ ಏಳಬೇಕು ಅನ್ನಿಸ್ತಿದೆ."

ಮಾತು ಆಡಿಯಾದ ಮೇಲೆ ಇದನ್ನು ಯಾವಾಗ ಜೋಡಿಸಿಟ್ಟುಕೊಂಡಿದ್ದೆನೆಂದು ಅವನಿಗೇ ಆಶ್ಚರ್ಯವಾಯಿತು. ಸುತ್ತಲಿನ ಇಪ್ಪತ್ತೆರಡೂ ಬಾಯಿ ತೆರೆದು ಕೇಳುತ್ತಿದ್ದವು. ಮಾವ ಬೈಯಲಿಲ್ಲ. ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು. ಆಮೇಲೆ ಎಂಟು ಮಾಡಿದರು.

"ಊಟಕ್ಕೆ ಹೊತ್ತಾಯ್ತು. ನಡೀರಿ" ಎಂದು ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

ಊಟದ ಮೇಜಿನ ಮೇಲೆ ಅವರು ಅದನ್ನು ತಮ್ಮ ನೀರಿನ ಲೋಟದ ಪಕ್ಕ ಇಟ್ಟರು. ಹೆಂಡತಿ ಕೀಲಿಯನ್ನು ನೋಡಿದಳು, ಗಂಡನನ್ನು ನೋಡಿದಳು.

"ನಿನ್ನ ಗಂಡ ಹೊರಟಿದಾರಂತೆ. ಗಿಟಾರು ಮೇಸ್ತ್ರಿ ಕರೆದಿದಾರಂತೆ" ಎಂದರು ಮಾವ. "ಹೋಗಲಿ ಬಿಡು. ನಾನೂ ಒಂದು ಕಾಲದಲ್ಲಿ ಹೋಗಬೇಕು ಅಂತಿದ್ದೆ."

ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಕೇಳುವುದರೊಳಗೆ ಗಿಣಿಗೆ ತುತ್ತು ನೆತ್ತಿಗೇರಿ, ಕೆಮ್ಮು ಬಂದು, ಆ ಕೆಮ್ಮೇ ನಗುವಾಯಿತು.

"ಖ್ಖಮ್... ನಾನಪ್ಪ, ಗಿಟಾರ್ ವರ್ಕ್‌ಶಾಪಿಂದ!"

ಅಳಿಯನ ಕೈ ತಟ್ಟೆಯ ಮೇಲೆ ನಿಂತಿತು.

"ಅಯ್ಯೋ ಭಾವ, ಸಂಜೆ ಹೇಳೋಣ ಅಂತಿದ್ದೆ. ನೀವು ಇಷ್ಟು ಬೇಗ ಅಪ್ಪನ ಹತ್ರ ಹೋಗಿಬಿಡ್ತೀರಾ ಅಂತ ಯಾರಿಗೆ ಗೊತ್ತು? ಸ್ನೇಹಿತನ ಫೋನಿಂದ ಮಾಡಿದ್ದು. ಹೇಗಿತ್ತು ದನಿ? ನಡುವೆ ಆ ತೂತು ಕೊರೆದಿದೀರಲ್ಲ, ಎಷ್ಟು ದುಂಡಗಿದೆ ಅಂತೀನಿ, ಖ್ಖಮ್, ಅಂಥ ಕೈ ಬೇಕು ನನಗೆ..."

ಮಾವನ ತುಟಿ ಮೊದಲು ಬಿಗಿಯಿತು, ಆಮೇಲೆ ಅದುರಿತು. ಹೊಟ್ಟೆ ಕುಲುಕಿತು. "ಕತ್ತೆ" ಎಂದು ಮಗನ ಬೆನ್ನಿಗೆ ಗುದ್ದಿ ಅವರೂ ನಕ್ಕರು.

ಹೆಂಡತಿ ನಗಲಿಲ್ಲ. ಗರಗಸದಿಂದ ಕೊಯ್ಯುವಾಗ ಗಿಟಾರಿನ ಹಲಗೆ ಅಲ್ಲಾಡದಂತೆ ಎಷ್ಟೋ ಭಾನುವಾರ ಅದರ ಮೇಲೆ ಕೂತಿದ್ದವಳು ಅವಳು.

"ರೀ" ಎಂದಳು. "ನಿಮ್ಮ ಗಿಟಾರಿಗೆ ತೂತೇ ಇಲ್ಲವಲ್ಲ."

ಗಿಣಿಯ ಖ್ಖಮ್ ಅರ್ಧದಲ್ಲೇ ನಿಂತಿತು. "ಇಲ್ವಾ? ಎಲ್ಲಾ ಗಿಟಾರಿಗೂ ಇರುತ್ತಲ್ಲ ಅಕ್ಕ?"

"ಇದಕ್ಕಿರಲ್ಲ. ಇದು ಕರೆಂಟಿಂದು." ಅವಳು ತಮ್ಮನ ಕಡೆ ತಿರುಗಲೇ ಇಲ್ಲ. "ತೂತು ಅಂದಾಗಲೇ ನಿಮಗೆ ಗೊತ್ತಾಗಿರಬೇಕಲ್ಲ?"

ಮಾವ ನಗು ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡರು. ಗಿಣಿ ಬಾಯಿ ತೆರೆದು ಭಾವನನ್ನೇ ನೋಡಿದ. ಆ ಹೊತ್ತಿನಲ್ಲಿ ಅವನ ಬಳಿ ಯಾರ ದನಿಯೂ ಇರಲಿಲ್ಲ. ಮೂವರೂ ಉತ್ತರಕ್ಕೆ ಕಾಯುತ್ತಿದ್ದರು.

ಆಗ ಅಳಿಯ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಎದೆಯಲ್ಲಿ, ಆಮೇಲೆ ಮೇಜಿನ ಮೇಲಿನ ಲೋಟಗಳು ಅಲುಗುವ ಹಾಗೆ. "ತೂತಂತೆ" ಎಂದ. "ದುಂಡಗಿದೆಯಂತೆ." ಕಣ್ಣಲ್ಲಿ ನೀರು ಬಂತು. ಗಿಣಿಗೆ ಹೋದ ಜೀವ ಬಂದಂತಾಗಿ ಅವನೂ ಸೇರಿದ. ಮಾವನೂ ಸೇರಿದರು. ಆದರೆ ಯಾರಿಗೂ ಅಳಿಯನಷ್ಟು ಜೋರಾಗಿ ನಗಲು ಆಗಲಿಲ್ಲ. ಎದುರಿನ ಬೀಗದ ಅಂಗಡಿಯವನು ಹೊರಗೆ ಬಂದು ಮೇಲಕ್ಕೆ ನೋಡಿದನಂತೆ.

ಹೆಂಡತಿ ಮಾತ್ರ ಅವನ ಎಡಗೈಯನ್ನು ನೋಡುತ್ತಿದ್ದಳು. ಅವನು ಇನ್ನೂ ನಗುತ್ತಿರುವಾಗಲೇ ಅದು ಮೇಜಿನ ಮೇಲೆ ನಿಧಾನವಾಗಿ ಸರಿದು ಮಾವನ ನೀರಿನ ಲೋಟವನ್ನು ಬಳಸಿಕೊಂಡು ಹೋಯಿತು. ಉಗುರಿನ ಸಂದಿಯಲ್ಲಿ ನೀಲಿ ಉಳಿದಿದ್ದ ಬೆರಳುಗಳು ಶಟರಿನ ಕೀಲಿಯನ್ನು ಹುಡುಕಿ ಅದರ ಮೇಲೆ ಮುಚ್ಚಿಕೊಂಡವು.